ಹೊಸ ಗಾಡಿಯ ಮೊದಲ ಒಡವೆ

ನಮ್ಮ ಕರಾವಳಿಯಲ್ಲಿ ಹೊಸ ವಾಹನವೊಂದು ಮನೆಯಂಗಳಕ್ಕೆ ಬಂದಿತೆಂದರೆ ಆ ಸಂಭ್ರಮ ಮದುವೆಯ ದಿಬ್ಬಣಕ್ಕೆ ಕಡಮೆಯಾದುದಲ್ಲ. ಅಂಗಡಿಯಿಂದ ಹೊರಟ ಗಾಡಿ ಮೊದಲು ನಿಲ್ಲುವುದು ದೇವಸ್ಥಾನದ ಮುಂದೆ. ಕುಂಕುಮದ ಬೊಟ್ಟು, ಶಂಕರಪುರದ ಮಲ್ಲಿಗೆಯ ಮಾಲೆ, ಒಡೆದ ತೆಂಗಿನಕಾಯಿ, ಚಕ್ರದಡಿಯಲ್ಲಿ ಲಿಂಬೆಹಣ್ಣು - ಇಷ್ಟಾದ ಮೇಲೆ ಅದು ಮನೆಗೆ ಬರುತ್ತದೆ. ನೆರೆಕರೆಯವರು ನೋಡಲು ಸೇರುತ್ತಾರೆ. ಮಕ್ಕಳು ಹತ್ತಿ ಇಳಿಯುತ್ತಾರೆ. ಮರುದಿನ ಬೆಳಗ್ಗೆ, ಹೂವು ಬಾಡಿದ ಹೊತ್ತಿಗೆ, ಯಜಮಾನನ ಮನಸ್ಸಿನಲ್ಲಿ ಒಂದೇ ಯೋಚನೆ: ಇದಕ್ಕೆ ಇನ್ನು ಏನೇನು ಹಾಕಿಸಬೇಕು?

ಬಿಸು ಹಬ್ಬದ ಮರುವಾರ ನಮ್ಮ ನೆರೆಮನೆಗೂ ಇಂತಹ ಗಾಡಿಯೊಂದು ಬಂದಿತು; ಬಿಳಿಯ ಬಣ್ಣದ ಪಿಕಪ್. ನಮ್ಮ ಊರು ಶಿರ್ವಕ್ಕೂ ಬೆಳ್ಮಣ್ಣಿಗೂ ನಡುವೆ. ಪಶ್ಚಿಮಕ್ಕೆ ಕಾಪು, ಪೂರ್ವಕ್ಕೆ ಕಾರ್ಕಳ, ಉತ್ತರಕ್ಕೆ ಉಡುಪಿ, ಮಣಿಪಾಲ. ಗಾಡಿಯ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ಅವನ ತಾಯಿ ಬೀಡಿ ಕಟ್ಟಿ ಮಗನನ್ನು ಬೆಳೆಸಿದವಳು. ಸಾಲದ ಮೊದಲ ಕಂತಿಗಾಗಿ ಆಕೆಯ ಎರಡು ಬಳೆಗಳು ಸೊಸೈಟಿಗೆ ಹೋಗಿವೆ. ಅವನು ಒಂದು ಚೀಟಿಯನ್ನು ನನ್ನ ಮುಂದಿಟ್ಟು, "ಮಾಷ್ಟ್ರೆ, ಕೈಯಲ್ಲಿ ಮೂವತ್ತು ಸಾವಿರ ಉಂಟು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ನೀವೇ ಹೇಳಿ" ಎಂದ.

ಚೀಟಿಯಲ್ಲಿದ್ದುವು ಇವು: ಮುಂಭಾಗಕ್ಕೆ ಕಬ್ಬಿಣದ ಗಾರ್ಡು, ನಾಲ್ಕಾರು ಸ್ವರಗಳ ಹಾರ್ನು, ನೆತ್ತಿಯ ಮೇಲೆ ಸಾಲುದೀಪ, ಹಾಡಿನ ಪೆಟ್ಟಿಗೆ, ಸೀಟಿನ ಹೊದಿಕೆ, ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು, ಗಾಜಿನ ಮೇಲೆ ಅಮ್ಮನ ಹೆಸರು. ವ್ಯಾಕರಣದಲ್ಲಿ ಯಾವುದು ಮೊದಲು ಎಂದು ಕೇಳಿದ್ದರೆ ನಾನು ಹೇಳಬಲ್ಲೆ. ಇದು ನನ್ನ ವಿದ್ಯೆಯಲ್ಲ. ಆದುದರಿಂದ ಅವನನ್ನು ಕರೆದುಕೊಂಡು ನಮ್ಮೂರಿನ 'ಡ್ರೈವರಣ್ಣ'ನ ಬಳಿಗೆ ಹೋದೆ. ಮೂವತ್ತು ವರ್ಷ ಲಾರಿ ಓಡಿಸಿ, ಈಗ ಜಗಲಿಯಲ್ಲಿ ಕುಳಿತಿರುವವರು ಅವರು. ಮಾತು ನಡೆದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅವರು ಚೀಟಿಯನ್ನು ಓದಲಿಲ್ಲ. "ಟೆಂಪೋದಲ್ಲಿ ಎಂತ ಹೇರುತ್ತಿ?" ಎಂದು ಮೊದಲು ಕೇಳಿದರು. (ನಮ್ಮಲ್ಲಿ ಸಣ್ಣ ಸರಕಿನ ಗಾಡಿಗಳಿಗೆಲ್ಲ ಟೆಂಪೋ ಎಂದೇ ಹೆಸರು. ಜರ್ಮನಿಯ ಒಂದು ಕಂಪೆನಿಯ ಮುದ್ರೆಯ ಹೆಸರು ಅದು. 1958ರಲ್ಲಿ ಆರಂಭವಾದ ಬಜಾಜ್ ಟೆಂಪೋದ ಮೂರು ಚಕ್ರದ ಗಾಡಿಗಳ ಮೂಲಕ ಜನರ ಬಾಯಿಗೆ ಬಂದಿತು. 2005ರಲ್ಲಿ ಆ ಕಂಪೆನಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಾಯಿಸಿಕೊಂಡರೂ ಮಾತು ಮಾತ್ರ ನಮ್ಮಲ್ಲಿಯೇ ಉಳಿಯಿತು.) ಹುಡುಗ ಉತ್ತರ ಕೊಟ್ಟ: ಮಲ್ಪೆಯಿಂದ ಮೀನು, ಕಾರ್ಕಳದ ಕಡೆಯಿಂದ ಕಲ್ಲು, ಮೀನಿಲ್ಲದ ದಿನಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳ ಸಾಮಾನು. "ಹಾಗಾದರೆ ನಿನ್ನ ಪಟ್ಟಿಯನ್ನು ಬರೆಯಬೇಕಾದುದು ನೀನಲ್ಲ, ಆ ಮೂರು ಹೊರೆ" ಎಂದರು ಡ್ರೈವರಣ್ಣ.

ಮೊದಲನೆಯ ಹೊರೆ ಮೀನು. ಮೀನೆಂದರೆ ಬರಿಯ ಮೀನಲ್ಲ. ಕರಗುವ ಮಂಜುಗಡ್ಡೆ, ಅದರೊಡನೆ ರಕ್ತ, ಉಪ್ಪು. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ ಒಂದು ಗಳಿಗೆ ಕುಳಿತವರಿಗೆ ಕಡಲಗಾಳಿಯ ಉಪ್ಪು ತುಟಿಗೆ ತಾಕಿದ ಅನುಭವವಿರಬೇಕು. ನೀರು ಮತ್ತು ಗಾಳಿ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಡುವೆ ಉಪ್ಪು ಬಂದರೆ ಆ ಕ್ರಿಯೆ ಹಲವು ಪಾಲು ವೇಗವಾಗುತ್ತದೆ. ಅದರ ಮೇಲೆ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಗಾಡಿಯ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗೆ ಚಾಸಿಯ ಸಂದಿಗಳಲ್ಲಿ ತುಕ್ಕು ತನ್ನ ಕೆಲಸ ಆರಂಭಿಸಿರುತ್ತದೆ.

ಆದುದರಿಂದ ಡ್ರೈವರಣ್ಣನ ಪಟ್ಟಿಯಲ್ಲಿ ಮೊದಲನೆಯದು ಯಾರ ಕಣ್ಣಿಗೂ ಬೀಳದ ವಸ್ತು - ಗಾಡಿಯ ಅಡಿಭಾಗಕ್ಕೆ ತುಕ್ಕು ತಡೆಯುವ ಲೇಪ. ಅದಕ್ಕೆ ಮೊದಲ ಸ್ಥಾನ ಏಕೆ ಎಂಬುದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ಹಾರ್ನನ್ನು ಮುಂದಿನ ವರ್ಷವೂ ಹಾಕಬಹುದು. ಲೇಪವನ್ನು ಮಾತ್ರ ಮೊದಲ ಮೀನಿಗೆ ಮುಂಚೆ, ಮೊದಲ ಮಳೆಗೆ ಮುಂಚೆ, ಕಬ್ಬಿಣ ಇನ್ನೂ ಒಣಗಿ ಶುದ್ಧವಾಗಿರುವಾಗಲೇ ಹಾಕಬೇಕು. ಉಪ್ಪು ಹಿಡಿದ ಒದ್ದೆ ಕಬ್ಬಿಣದ ಮೇಲೆ ಬಳಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಬಳಿಯುವಾಗ ನೀರು ಇಳಿಯಲೆಂದು ತಯಾರಕರು ಬಿಟ್ಟಿರುವ ತೂತುಗಳು ಮುಚ್ಚಿಹೋಗಬಾರದು. ಹಾಸಿನ ಮೇಲೆ ರಬ್ಬರಿನ ಚಾಪೆ ಹಾಕುವುದಾದರೆ ಆಗಾಗ ಅದನ್ನು ಎತ್ತಿ ಒಣಗಿಸಬೇಕು. ಇಲ್ಲವಾದರೆ ಅದರಡಿಯಲ್ಲಿ ನಿಂತ ಉಪ್ಪುನೀರೇ ತಗಡನ್ನು ತಿನ್ನುತ್ತದೆ. ಪ್ರತಿ ಸಾಗಾಟದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಕಡಲತಡಿಯ ಉಪ್ಪುಬಾವಿಯ ನೀರಿನಿಂದ ತೊಳೆದರೆ ಪ್ರಯೋಜನವಿಲ್ಲ. ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಮೊಗವೀರರು ದೋಣಿಯನ್ನು ನೀರಿಗಿಳಿಸುವ ಮುಂಚೆ ಅದರ ಹಲಗೆಗೆ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುತ್ತಿದ್ದರು. ಕಡಲಿನೊಡನೆ ಬಾಳುವವನು ಕಡಲಿಗೆ ತೋರಬೇಕಾದ ಮರ್ಯಾದೆ ಅದು.

ಮೀನಿನ ಗಾಡಿಗೆ ಇನ್ನೊಂದು ಅಗತ್ಯ: ಹಾಸಿನ ನೀರನ್ನು ಕೊಳವೆಯಿಂದ ಇಳಿಸಿಕೊಳ್ಳುವ ಸಣ್ಣ ತೊಟ್ಟಿ. ಅದಿಲ್ಲದ ಗಾಡಿ ಹೆದ್ದಾರಿಯುದ್ದಕ್ಕೂ ಜಿಡ್ಡುನೀರನ್ನು ಚೆಲ್ಲುತ್ತ ಹೋಗುತ್ತದೆ. ನಾತ ಒಂದು ಕಡೆಗಿರಲಿ. ಹಿಂದೆ ಬರುವ ಬೈಕಿನವನ ಚಕ್ರ ಅದರ ಮೇಲೆ ಜಾರುತ್ತದೆ.

ಎರಡನೆಯ ಹೊರೆ ಕಲ್ಲು. ಭಾರ ಹೊರುವ ಮಾತು ಬಂದರೆ ಕಾರ್ಕಳಕ್ಕೆ ಸಮನಾದ ಊರು ಯಾವುದು? ಅಲ್ಲಿಯ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ ಸುಮಾರು 42 ಅಡಿಯ ಏಕಶಿಲೆ. ಬೇರೆಡೆ ಕಡೆದ ಆ ಮೂರ್ತಿಯನ್ನು ಇಪ್ಪತ್ತು ಗಾಡಿಗಳ ಸಾಲಿನ ಮೇಲೆ ಮಲಗಿಸಿ, ತೆಂಗಿನಕಾಯಿಗಳನ್ನು ಒಡೆದು ಪೂಜಿಸಿ, ಅಸಂಖ್ಯ ಜನ ಎಳೆದು ಗುಡ್ಡಕ್ಕೇರಿಸಿದರೆಂಬ ಐತಿಹ್ಯವುಂಟು. ಅದನ್ನು ಕೇಳಿದಾಗಲೆಲ್ಲ ನನಗೆ ಮೆಚ್ಚುಗೆಯಾಗುವುದು ಒಂದು ಅಂಶ: ಅವರು ಹೊರೆಯನ್ನು ನೋಡಿ ಗಾಡಿಗಳನ್ನು ಕೂಡಿಸಿದರು, ಒಂದೇ ಗಾಡಿಯ ಮೇಲೆ ಗೊಮ್ಮಟನನ್ನು ಹೇರಲಿಲ್ಲ.

ನಮ್ಮ ಹುಡುಗನ ಚೀಟಿಯಲ್ಲಿದ್ದ 'ಇನ್ನೊಂದು ಪ್ಲೇಟು' ಇದಕ್ಕೆ ವಿರುದ್ಧವಾದ ಆಸೆ. ಗಾಡಿಯ ಹಿಂಭಾಗವನ್ನು ಹೊರುವುದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬಿಲ್ಲಿನಂತಹ ಸ್ಪ್ರಿಂಗು. ಅದು ನಮ್ಮ ಜಿಲ್ಲೆಗಳಿಗೆ ಅಪರಿಚಿತವಲ್ಲ. ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಮೋಟಾರುಗಳಿಗಾಗಿ ಈ ಸ್ಪ್ರಿಂಗುಗಳನ್ನೇ ತಯಾರಿಸಿ ಹೆಸರು ಗಳಿಸಿತ್ತು. ಆ ಕಾರ್ಖಾನೆಯನ್ನು ಕಟ್ಟಿದ ವಿ. ಎಸ್. ಕುಡ್ವರೇ 1941ರಲ್ಲಿ 'ನವಭಾರತ' ದಿನಪತ್ರಿಕೆಯನ್ನು ಹೊರಡಿಸಿದವರೆಂಬುದನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ಭಾರ ಹೆಚ್ಚಾದಾಗ ಈ ಬಿಲ್ಲು ಬಾಗುತ್ತದೆ. ಗಾಡಿ ಹಿಂದಕ್ಕೆ ಕುಸಿದಂತೆ ಕಾಣುತ್ತದೆ. ಒಂದು ಪ್ಲೇಟು ಹೆಚ್ಚಿಗೆ ಸೇರಿಸಿದರೆ ಕುಸಿಯುವುದಿಲ್ಲ. ನೋಡುವವರಿಗೆ ಗಾಡಿ ಸುಖವಾಗಿದೆ ಎನಿಸುತ್ತದೆ. ಆದರೆ ಬ್ರೇಕು ಹಳೆಯದೇ, ಅಚ್ಚು ಹಳೆಯದೇ, ಟಯರೂ ಹಳೆಯದೇ. ಒಂದು ಮುರಕಲ್ಲು 25 ಕಿಲೋ ತೂಗುವುದೆಂದು ಹಿಡಿದರೂ ಅರುವತ್ತು ಕಲ್ಲಿಗೆ ಒಂದೂವರೆ ಟನ್ನು. ಎಂಬತ್ತಕ್ಕೆ ಎರಡು ಟನ್ನು. ಆ ಭಾರದೊಡನೆ ಮಣಿಪಾಲದಿಂದ ಪರ್ಕಳದ ಕಡೆಗೆ ಇಳಿಯುವಾಗ ಗಾಡಿಯನ್ನು ತಡೆದು ನಿಲ್ಲಿಸಬೇಕಾದುದು ಬ್ರೇಕೇ ಹೊರತು ಸ್ಪ್ರಿಂಗಲ್ಲ. "ಬಾಗುವುದು ಗಾಡಿ ಆಡುವ ಮಾತು. ನೀನು ಅದರ ಬಾಯಿ ಕಟ್ಟುತ್ತಿ" ಎಂದರು ಡ್ರೈವರಣ್ಣ. 2019ರ ತಿದ್ದುಪಡಿಯ ಬಳಿಕ ಮಿತಿಮೀರಿದ ಭಾರಕ್ಕೆ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಆದರೆ ಅವರು ದಂಡದ ಮಾತನ್ನು ಎತ್ತಲೇ ಇಲ್ಲ.

ಮುಂಭಾಗದ ಗಾರ್ಡಿಗೂ ಇದೇ ತರ್ಕ. ನೋಂದಣಿ ಪತ್ರದಲ್ಲಿ ಗಾಡಿಯ ಖಾಲಿ ತೂಕವೂ ಒಟ್ಟು ತೂಕದ ಮಿತಿಯೂ ಇರುತ್ತವೆ. ಇವುಗಳ ವ್ಯತ್ಯಾಸದೊಳಗೆ ಚಾಲಕ, ಸಹಾಯಕ, ಸರಕು ಎಲ್ಲವೂ ಅಡಗಬೇಕು. 40 ಕಿಲೋ ಕಬ್ಬಿಣವನ್ನು ಶೋಭೆಗಾಗಿ ಕಟ್ಟಿಕೊಂಡರೆ ಪ್ರತಿದಿನವೂ 40 ಕಿಲೋ ಮೀನನ್ನು ಬಿಟ್ಟು ಬಂದಂತಾಯಿತು. ಅದಲ್ಲದೆ ಡಿಕ್ಕಿಯಾದಾಗ ಈ ಗಾರ್ಡು ಪೆಟ್ಟನ್ನು ನುಂಗುವುದಿಲ್ಲ. ನೇರವಾಗಿ ಚಾಸಿಗೆ ದಾಟಿಸುತ್ತದೆ. ಎದುರಿನ ಪಾದಚಾರಿಗಂತೂ ಅದು ಗದೆಯ ಏಟು. ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ಇಂತಹ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ತಯಾರಕರು ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಾಯಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ನಾನಾ ಸ್ವರಗಳ ಹಾರ್ನಿಗೂ ನಿಯಮಗಳಲ್ಲಿ ನಿಷೇಧವಿದೆ. ಹೀಗೆ ಚೀಟಿಯ ಮೂರು ಸಾಲುಗಳು ಜಗಲಿಯಲ್ಲಿಯೇ ಅಳಿಸಿಹೋದುವು.

ಮೂರನೆಯ ಹೊರೆ ಮಣಿಪಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಮೀನಿನ ಟೆಂಪೋದವರು ಬೇರೆ ಬಾಡಿಗೆ ಹುಡುಕಬೇಕು. 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಆ ಗುಡ್ಡಕ್ಕೆ ದೇಶದ ಎಲ್ಲ ಮೂಲೆಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಮಳೆಗಾಲದ ನಡುವೆಯೇ ಕೋಣೆ ಬಿಡುವವರು, ಕೋಣೆ ಹಿಡಿಯುವವರು. ಮಂಚ, ಹಾಸಿಗೆ, ಮೇಜು, ಕಟ್ಟುಗಟ್ಟಲೆ ಪುಸ್ತಕ. ಕಲ್ಲಿಗೆ ಮಳೆಯ ಭಯವಿಲ್ಲ, ಪುಸ್ತಕಕ್ಕೆ ಉಂಟು. ಒಂದು ಹಳೆಯ ಟರ್ಪಾಲಿನ ತೂತಿನಿಂದ ಇಳಿದ ನೀರು ಯಾರದೋ ಮಗನ ಒಂದು ವರ್ಷದ ಟಿಪ್ಪಣಿಯನ್ನು ಅಳಿಸಿಬಿಡಬಹುದು.

ಆದುದರಿಂದ ಎರಡನೆಯ ಖರ್ಚು ಒಳ್ಳೆಯ ಟರ್ಪಾಲು, ಒಳ್ಳೆಯ ಹಗ್ಗ. ಟರ್ಪಾಲು ಹಾಸಿಗಿಂತ ಎಲ್ಲ ಕಡೆಗೂ ಮೊಳದುದ್ದ ಇಳಿಬೀಳುವಂತಿರಬೇಕು. ಎರಡು ತುಂಡುಗಳನ್ನು ಹೊದಿಸುವುದಾದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ಮನೆಯ ಮಾಡಿಗೆ ಹಂಚು ಹೊದಿಸುವಾಗ ಮೇಲಿನ ಹಂಚು ಕೆಳಗಿನದರ ಮೇಲೆ ಕೂರುವಂತೆಯೇ ಇದು. ಅಲ್ಲಿ ನೀರು ಮೇಲಿನಿಂದ ಬರುತ್ತದೆ, ಇಲ್ಲಿ ಗಾಳಿ ಮುಂದಿನಿಂದ. ಹಗ್ಗ ಒದ್ದೆಯಾದಂತೆ, ಸರಕು ಕುಲುಕಿ ಕುಳಿತಂತೆ ಗಂಟು ಸಡಿಲುತ್ತದೆ; ನಾಲ್ಕಾರು ಮೈಲಿ ಹೋದ ಮೇಲೆ ಒಮ್ಮೆ ಇಳಿದು ಬಿಗಿದು ನೋಡುವ ಅಭ್ಯಾಸಕ್ಕೆ ಹಣ ಬೇಕಾಗಿಲ್ಲ.

ಇಷ್ಟು ಹೊತ್ತು ಹೊರೆಯ ಮಾತಾಯಿತು. ದಾರಿಯಲ್ಲಿರುವ ಇತರರ ಮಾತನ್ನು ನಾನೇ ಎತ್ತಿದೆ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ನನ್ನ ಇನ್ನೊಬ್ಬ ಶಿಷ್ಯ ಬೈಕಿನಲ್ಲಿ ಹೆದ್ದಾರಿಯಲ್ಲಿ ಬರುತ್ತಿದ್ದ. ಕೆಟ್ಟು ನಿಂತಿದ್ದ ಸರಕಿನ ಗಾಡಿಯೊಂದರ ಹಿಂಭಾಗ ಅವನಿಗೆ ಕಾಣಿಸಲಿಲ್ಲ. ದೀಪ ಆರಿತ್ತು, ಬೆಳಕಿಗೆ ಮಿನುಗುವ ಒಂದು ಪಟ್ಟಿಯೂ ಇರಲಿಲ್ಲ. ಜೀವ ಉಳಿಯಿತು; ಬಲಗಾಲು ಉಳಿಯಲಿಲ್ಲ. ನಾನು ಆಸ್ಪತ್ರೆಗೆ ಹೋಗಿದ್ದಾಗ ಅವನು ಗಾಡಿಯವನನ್ನು ಬಯ್ಯಲಿಲ್ಲ. "ಇತ್ತು ಅಂತಲೇ ಗೊತ್ತಾಗಲಿಲ್ಲ ಮಾಷ್ಟ್ರೆ" ಎಂದಷ್ಟೇ ಹೇಳಿದ. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದನ್ನು ಕೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾನೇ ಬರೆದುಕೊಂಡ: ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಪ್ರತಿಫಲನದ ಪಟ್ಟಿ, ಕೆಟ್ಟು ನಿಂತಾಗ ದೂರದಲ್ಲಿ ಇಡಲು ತ್ರಿಕೋನ, ಚಕ್ರದ ಹಿಂದೆ ಕೆಸರು ತಡೆಯುವ ರಬ್ಬರು, ಹಿಂಬದಿಯ ದೀಪಗಳಿಗೆ ಕಲ್ಲು ತಾಗದಂತೆ ತಂತಿಯ ಜಾಲರಿ. ನೆತ್ತಿಯ ಸಾಲುದೀಪವನ್ನು ತಾನೇ ಹೊಡೆದುಹಾಕಿದ. ಎದುರಿನವನ ಕಣ್ಣು ಕುಕ್ಕಿಸುವ ಬೆಳಕಿಗಿಂತ ಹಿಂದಿನವನಿಗೆ ದಾರಿ ಹೇಳುವ ಬೆಳಕು ಮೊದಲು ಬೇಕೆಂಬುದನ್ನು ಯಾರೂ ಅವನಿಗೆ ವಿವರಿಸಬೇಕಾಗಲಿಲ್ಲ.

ಹಾಗೆಂದು ಶೃಂಗಾರವೇ ಬೇಡವೆಂದು ಹೇಳುವಷ್ಟು ಒಣ ಮನುಷ್ಯ ನಾನಲ್ಲ. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುತ್ತದೆ. ಅದಕ್ಕೆ ಮುನ್ನ ಊರೂರುಗಳಿಂದ ಹೊರೆಕಾಣಿಕೆ ಹೊರಡುತ್ತದೆ. ಅಕ್ಕಿ, ತೆಂಗಿನಕಾಯಿ, ತರಕಾರಿ ತುಂಬಿದ ಗಾಡಿಗಳು ಮಾವಿನ ತೋರಣ, ಬಾಳೆಯ ಕಂಬ, ಹೂವು ಕಟ್ಟಿಕೊಂಡು ಸಾಲಾಗಿ ಸಾಗುತ್ತವೆ. ವರ್ಷವಿಡೀ ಮೀನು ಹೊತ್ತ, ಕಲ್ಲು ಹೊತ್ತ ಗಾಡಿ ಅಂದು ತೊಳೆದುಕೊಂಡು ಮದುಮಗನಾಗುತ್ತದೆ. ಅದು ದುಡಿದ ಮೈಯ ಶೃಂಗಾರ; ಅದರ ಸೊಗಸೇ ಬೇರೆ.

ಲೇಪ, ತೊಟ್ಟಿ, ಟರ್ಪಾಲು, ಹಗ್ಗ, ಪಟ್ಟಿಗಳಿಗೆ ಮೂವತ್ತು ಸಾವಿರವೂ ಖರ್ಚಾಗಲಿಲ್ಲ. ಉಳಿದುದನ್ನು ಅವನು ಸೊಸೈಟಿಗೆ ಕಟ್ಟಿದ. ಚೀಟಿಯ ಕೊನೆಯ ಸಾಲೊಂದನ್ನು ಮಾತ್ರ ಡ್ರೈವರಣ್ಣ ಅಳಿಸಗೊಡಲಿಲ್ಲ. ಗಾಜಿನ ಮೇಲ್ಭಾಗದಲ್ಲಿ, ನೋಟಕ್ಕೆ ಅಡ್ಡ ಬಾರದಂತೆ, ಸಣ್ಣ ಅಕ್ಷರದಲ್ಲಿ ಅಮ್ಮನ ಹೆಸರು ಬಂದಿದೆ. ಆಕೆ ಅದನ್ನು ನೋಡಿ ನಕ್ಕು, "ನನ್ನ ಹೆಸರು ಮುಂದೆ ಯಾಕೆ? ಮಳೆಗೆ ನೆನೆದೀತು" ಎಂದಳಂತೆ.

ಮೊನ್ನೆ ರಾತ್ರಿ ಜಡಿಮಳೆ. ಬೆಳ್ಮಣ್ಣಿನಿಂದ ಕೊನೆಯ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದೆ ಏನೂ ಕಾಣದ ಕತ್ತಲಲ್ಲಿ ಒಮ್ಮೆಲೇ ಕೆಂಪು ಗೆರೆಯೊಂದು ಹೊಳೆಯಿತು. ಬಸ್ಸು ವೇಗ ತಗ್ಗಿಸಿ ಪಕ್ಕದಿಂದ ದಾಟಿತು. ನಮ್ಮ ಹುಡುಗನ ಗಾಡಿ. ಅವನು ಮಳೆಯಲ್ಲಿ ಇಳಿದು ನಿಂತು ಟರ್ಪಾಲಿನ ಹಗ್ಗವನ್ನು ಬಿಗಿಯುತ್ತಿದ್ದ. ಅವನ ತಾಯಿಯ ಬಳೆಗಳು ಇನ್ನೂ ಸೊಸೈಟಿಯಲ್ಲಿಯೇ ಇವೆ.