ಸೆಕ್ಟರ್ ಫೈವ್‌ನ ಹಳೆಯ ಕಾರುಗಳಿಗೆ ತುಕ್ಕಿನ ಕಾಟ

ಕೋಲ್ಕತ್ತಾ: ಉದ್ಯೋಗ ನಿಮಿತ್ತ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಊರಿನಿಂದಲೇ ಕಾರು ತಂದವರೂ ಇದ್ದಾರೆ. ಅಪ್ಪ ಕೊಂಡಿದ್ದ ಮಾರುತಿ 800, ಮದುವೆಯಾದ ವರ್ಷ ಸಾಲ ಮಾಡಿ ತೆಗೆದುಕೊಂಡ ಸ್ಯಾಂಟ್ರೊ ಮುಂತಾದ ಕಾರುಗಳು ಇವು. ಮಾರಿದರೆ ಬರುವ ಹಣ ಅಷ್ಟಕ್ಕಷ್ಟೇ, ಆದರೆ ಮಾರಲು ಮನಸ್ಸು ಬಾರದು. ಇಂಜಿನ್ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಕೈಕೊಡುವುದು ತಗಡು. ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು, ಉಗುರಿನಿಂದ ಕೆರೆದರೆ ಕೆಂಪು ಪುಡಿ ಉದುರಿದ ದಿನ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಸ್ಥಳೀಯ ಮಿಸ್ತ್ರಿಯನ್ನು ಕೇಳಿದರೆ "ಜಂಗ್ ಧೊರೆ ಗೆಛೆ" ಎಂದು ತಲೆಯಾಡಿಸಿ ದೊಡ್ಡ ಮೊತ್ತವೊಂದನ್ನು ಹೇಳುತ್ತಾನೆ. ಊರಲ್ಲಿ ನಾವು ಟಿಂಕರಿಂಗ್ ಎನ್ನುವುದಕ್ಕೆ ಇಲ್ಲಿ ಡೆಂಟಿಂಗ್ ಎನ್ನುತ್ತಾರೆ. ಹೆಸರು ಬೇರೆಯಾದರೂ ಖರ್ಚು ಒಂದೇ.

ಈ ಪ್ರಶ್ನೆ ಅಂದಚೆಂದದ್ದು ಮಾತ್ರವಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000 ರೂಪಾಯಿ ಮಾಡಲಾಯಿತು. ಕೋಲ್ಕತ್ತಾದ ಹಳೆಯ ವಾಹನಗಳ ವಿಚಾರದಲ್ಲಿ ನ್ಯಾಯಾಲಯದ ಆದೇಶಗಳೂ ಇರುವುದರಿಂದ, ಕೈಯಿಂದ ಹಣ ಬಿಚ್ಚುವ ಮೊದಲು ಸಾರಿಗೆ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು. ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಇಲ್ಲಿನ ನಂಬರ್ ಪಡೆಯಬೇಕೆಂಬುದೂ ನೆನಪಿರಲಿ. ಅಲ್ಲಿಯೂ ವಾಹನವನ್ನು ಕಣ್ಣಾರೆ ನೋಡುತ್ತಾರೆ.

ಉಪ್ಪಿನ ಕೆರೆಯ ತಪ್ಪಲ್ಲ

ಊರಿನ ಹೆಸರಿನಲ್ಲಿಯೇ ಉಪ್ಪಿರುವುದರಿಂದ ತುಕ್ಕಿಗೂ ಅದೇ ಕಾರಣ ಎಂದು ನಂಬಿದವರು ಅನೇಕರು. ಇಲ್ಲಿ ಹಿಂದೆ ಉಪ್ಪುನೀರಿನ ಜೌಗು ಇದ್ದದ್ದು ನಿಜ. 1960ರ ದಶಕದಲ್ಲಿ ಯುಗೊಸ್ಲಾವಿಯಾದ ಕಂಪನಿಯೊಂದು ಹೂಗ್ಲಿ ನದಿಯ ಹೂಳನ್ನು ಕೊಳವೆಯಲ್ಲಿ ತಂದು ಸುರಿದು ನೆಲ ಮಾಡಿತು. ಬಿಧಾನ್ ಚಂದ್ರ ರಾಯ್ ಅವರ ಕನಸಿನ ಉಪನಗರ ಎದ್ದದ್ದು ಅದರ ಮೇಲೆ. ಆದರೆ ಸಮುದ್ರ ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ. ಮಲ್ಪೆ, ಪಣಂಬೂರಿನ ಕಾರುಗಳಿಗೆ ತಾಗುವಂಥ ಉಪ್ಪುಗಾಳಿ ಇಲ್ಲಿಲ್ಲ. ಕರಾವಳಿಯಿಂದ ಬಂದ ಕಾರಿನ ಸಂದಿಯಲ್ಲಿ ಹಳೆಯ ಉಪ್ಪು ಕುಳಿತಿದ್ದರೆ ಅದು ಬೇರೆ ಮಾತು. ಅಂಥ ಕಾರಿನ ಅಡಿಭಾಗವನ್ನು ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸಬೇಕು.

ಇಲ್ಲಿನ ನಿಜವಾದ ಶತ್ರು ತೇವ. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದರೆ ಬರಿ ಉಕ್ಕು ವೇಗವಾಗಿ ತುಕ್ಕು ಹಿಡಿಯುತ್ತದೆ. ಕೋಲ್ಕತ್ತಾದ ಮಳೆಗಾಲದಲ್ಲಿ ಅದು 80 ದಾಟುವುದು ಸಾಮಾನ್ಯ. ಇದರ ಮೇಲೆ ನಿಂತ ನೀರು. 2025ರ ಸೆಪ್ಟೆಂಬರ್ 23ರಂದು, ದುರ್ಗಾ ಪೂಜೆಯ ಹೊಸ್ತಿಲಲ್ಲಿ, ಒಂದೇ ದಿನಕ್ಕೆ ಸುಮಾರು 250 ಮಿಲಿಮೀಟರ್ ಮಳೆ ಸುರಿದಾಗ ನಗರದ ಎಷ್ಟೋ ಕಾರುಗಳು ಸೀಟಿನವರೆಗೆ ಮುಳುಗಿದ್ದವು. ನೀರು ಇಳಿದ ಮೇಲೆ ಇಂಜಿನ್ ನೋಡಿಸಿದವರೆಲ್ಲರೂ ಕಾರ್ಪೆಟ್ ಎತ್ತಿ ನೋಡಿರಲಿಕ್ಕಿಲ್ಲ. ಅದರ ಕೆಳಗಿನ ಫೆಲ್ಟ್ ತಿಂಗಳುಗಟ್ಟಲೆ ನೀರನ್ನು ಹಿಡಿದುಕೊಂಡು ನೆಲದ ತಗಡನ್ನು ಒಳಗಿನಿಂದಲೇ ತಿನ್ನಿಸುತ್ತದೆ.

ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಮೇಲಕ್ಕೆತ್ತುತ್ತದೆ. ಹೊರಗೆ ಕಾಣುವ ಗುಳ್ಳೆ ಕಡಲೆಯಷ್ಟಿದ್ದರೆ ಒಳಗಿನ ಗಾಯ ನಾಣ್ಯದಷ್ಟಿರುತ್ತದೆ ಎಂದೇ ಲೆಕ್ಕ ಹಾಕಬೇಕು.

ನೋಡಬೇಕಾದ ಜಾಗಗಳು: ಚಕ್ರದ ಮೇಲಿನ ಕಮಾನು, ಬಾಗಿಲಿನ ತಳ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿಯ ತಟ್ಟೆ, ಜಾಕಿ ಕೊಡುವ ಜಾಗ, ಮುಂಗಾಜಿನ ರಬ್ಬರ್ ಅಂಚು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಮಣ್ಣು ತುಂಬಿದರೆ ಬಾಗಿಲೇ ತೊಟ್ಟಿಯಾಗುತ್ತದೆ. ಬಿದಿರ ಕಡ್ಡಿಯಿಂದ ಚುಚ್ಚಿ ಬಿಡಿಸಲು ಹತ್ತು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ. ತುಕ್ಕು ತಡೆಯುವ ಕೆಲಸಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಆಯುಧ ಪೂಜೆಯ ದಿನ ಬಾನೆಟ್ಟಿನ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು ಕುಂಕುಮ ಹಚ್ಚುವವರು ಈ ತೂತುಗಳ ಕಡೆಗೂ ಒಮ್ಮೆ ಬಗ್ಗಿ ನೋಡಿದರೆ ಚೆನ್ನ. ಬ್ಯಾಟರಿ ತಟ್ಟೆಯ ಮೇಲೆ ಆಸಿಡ್ ಚೆಲ್ಲಿದ್ದರೆ ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು ಒರೆಸಬೇಕು.

ಮನೆಯಲ್ಲೇ ಮಾಡುವ ರೀತಿ

ಚಿಕ್ಕ ತುಕ್ಕಿಗೆ ಮಿಸ್ತ್ರಿ ಬೇಡ, ಒಂದು ಭಾನುವಾರ ಸಾಕು. ಡಿಸೆಂಬರ್-ಜನವರಿಯ ಒಣಹವೆ ಇದಕ್ಕೆ ಪ್ರಶಸ್ತ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಸಂಜೆಯ ತಂಪು ಇಳಿಯುವ ಮೊದಲು ಬಣ್ಣ ಮುಗಿಸಬೇಕು. ಜಾಗವನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ವೈರ್ ಬ್ರಷ್‌ನಿಂದ ಸಡಿಲ ತುಕ್ಕನ್ನು ಉದುರಿಸಿ, 80 ನಂಬರಿನ ಎಮರಿ ಪೇಪರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಸುತ್ತಲಿನ ಒಳ್ಳೆಯ ಬಣ್ಣದ ಅಂಚನ್ನೂ 240, 320 ನಂಬರಿನಲ್ಲಿ ಇಳಿಜಾರಾಗಿ ಉಜ್ಜದಿದ್ದರೆ ಹೊಸ ಬಣ್ಣ ಅಲ್ಲಿಂದಲೇ ಏಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಕಡ್ಡಾಯ.

ಎಷ್ಟು ಉಜ್ಜಿದರೂ ಗುಳಿಗಳಲ್ಲಿ ತುಕ್ಕು ಉಳಿದೇ ಉಳಿಯುತ್ತದೆ. ಅಲ್ಲಿಗೆ ರಸ್ಟ್ ಕನ್ವರ್ಟರ್ ಎಂದು ಅಂಗಡಿಯಲ್ಲಿ ಸಿಗುವ ದ್ರಾವಣ ಹಚ್ಚಬೇಕು. ಅದರಲ್ಲಿರುವುದು ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ಎರಡನೆಯದು ಕನ್ನಡಿಗರಿಗೆ ಹೊಸದೇನಲ್ಲ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದು ಚೊಗರಿನ ಇದೇ ಗುಣದಿಂದ. ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಹಿರಿಯರು ಮಾಡುತ್ತಿದ್ದ ಮಸಿಯೂ ಇದೇ. ತುಕ್ಕು ಕಪ್ಪು ಪದರವಾಗಿ ಕುಳಿತುಕೊಳ್ಳುತ್ತದೆ. ಫಾಸ್ಫಾರಿಕ್ ಆಮ್ಲದ ದ್ರಾವಣವಾದರೆ ಫಾಸ್ಫೇಟ್ ಪದರ ಕಟ್ಟುತ್ತದೆ. ದೆಹಲಿಯ ಕಬ್ಬಿಣದ ಕಂಬ 1,600 ವರ್ಷ ಉಳಿದಿರುವುದಕ್ಕೂ ಅದರ ಕಬ್ಬಿಣದಲ್ಲಿರುವ ಹೆಚ್ಚಿನ ರಂಜಕದಿಂದ ಉಂಟಾದ ಫಾಸ್ಫೇಟ್ ಪದರವೇ ಕಾರಣ ಎಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ನಮ್ಮ ಕೊಡಚಾದ್ರಿಯ ಮೇಲೆ ಮೂಕಾಂಬಿಕೆ ಗುಡಿಯ ಎದುರು ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತಿರುವ ಕಬ್ಬಿಣದ ಕಂಬದ ಬಗ್ಗೆಯೂ ಲೋಹಶಾಸ್ತ್ರಜ್ಞ ಟಿ.ಆರ್. ಅನಂತರಾಮನ್ 1999ರಲ್ಲಿ ಬರೆದಿದ್ದರು. ಕಾರಿನ ಉಕ್ಕಿಗೆ ಆ ಭಾಗ್ಯವಿಲ್ಲ. ರಂಜಕ ಹೆಚ್ಚಾದರೆ ಉಕ್ಕು ಪೆಡಸಾಗುವುದರಿಂದ ಕಾರ್ಖಾನೆಗಳಲ್ಲಿ ಅದನ್ನು ತೆಗೆದುಬಿಡುತ್ತಾರೆ. ಹಾಗಾಗಿ ರಕ್ಷಣೆ ಹೊರಗಿನಿಂದಲೇ ಬರಬೇಕು.

ದ್ರಾವಣ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿದ ಮೇಲೆ ಪ್ರೈಮರ್. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಅಗ್ಗ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಹೆಚ್ಚು ಭದ್ರ. ಪ್ರೈಮರ್ ಹಚ್ಚಿ "ಇನ್ನು ಬಣ್ಣ ಮುಂದಿನ ತಿಂಗಳು" ಎಂದು ಬಿಡುವವರು ಬಹಳ. ಬರಿ ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಮೇಲೆ ಎರಡು ಕೋಟ್ ಬಣ್ಣ, ಲ್ಯಾಕರ್ ಬೇಕೇ ಬೇಕು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತುವುದಂತೂ ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಪುಟ್ಟಿ ನೀರು ಹೀರುತ್ತದೆ, ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಹಳೆ ಕಾರು ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತ ಒಯ್ಯಬೇಕು. ದಪ್ಪ ಪುಟ್ಟಿ ಇರುವಲ್ಲಿ ಅದು ಅಂಟುವುದಿಲ್ಲ.

ಕಾರಿನ ಅಡಿಗೆ ಹಳೆ ಇಂಜಿನ್ ಆಯಿಲ್ ಬಳಿಯುವ ರೂಢಿ ಬಿಡುವುದು ಮೇಲು. ಅದು ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ, ಮಳೆಗೆ ತೊಳೆದು ಪಕ್ಕದ ಜೌಗುಪ್ರದೇಶ ಸೇರುತ್ತದೆ. ಆ ಜೌಗು 2002ರಿಂದ ರಾಮ್ಸರ್ ಪಟ್ಟಿಯಲ್ಲಿದೆ. ಡಾಂಬರಿನಂಥ ಅಂಡರ್‌ಕೋಟ್ ಒಳ್ಳೆಯದೇ, ಆದರೆ ಒದ್ದೆ ತುಕ್ಕಿನ ಮೇಲೆ ಹೊಡೆಸಿದರೆ ನೀರಿಗೆ ಮುಚ್ಚಳ ಹಾಕಿದಂತೆ. ಬಾಗಿಲು, ಸಿಲ್‌ಗಳ ಟೊಳ್ಳಿನೊಳಗೆ ಮೇಣದ ಸ್ಪ್ರೇ ಮಾಡಿಸುವುದು ಉತ್ತಮ. ಕಾರಿನ ಅಡಿಗೆ ಹೋಗುವವರು ಬರಿ ಜಾಕಿಯನ್ನು ನಂಬಿ ಎಂದಿಗೂ ಹೋಗಬಾರದು, ಸ್ಟ್ಯಾಂಡ್ ಕೊಡಲೇಬೇಕು. ಜಾಕಿ ಕೊಡುವ ಜಾಗವೇ ತುಕ್ಕು ತಿಂದಿದ್ದರೆ ಜಾಕಿ ತಗಡನ್ನು ತೂರಿಕೊಂಡು ಮೇಲೆ ಬರುತ್ತದೆ.

ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಠಣ್ ಎನ್ನದೆ ಮಂದವಾಗಿ ಸದ್ದಾದರೆ, ತುದಿ ಒತ್ತಿದಾಗ ಒಳಗಿಳಿದರೆ ಮನೆಮದ್ದು ಅಲ್ಲಿಗೆ ನಿಂತಿತು. ಚಾಸಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್, ಬ್ರೇಕ್ ಪೈಪು ಇವುಗಳಿಗೆ ತುಕ್ಕು ಹಿಡಿದಿದ್ದರೆ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವವರ ಬಳಿಗೇ ಒಯ್ಯಬೇಕು. ಹಳೆ ಕಾರಿನ ಬಾಗಿಲು, ಬಾನೆಟ್ ಬೇಕೆಂದರೆ ಮಲ್ಲಿಕ್ ಬಜಾರ್ ಇದೆ. ಅಲ್ಲಿ ಕೊಳ್ಳುವಾಗಲೂ ಅಯಸ್ಕಾಂತ ಜೇಬಿನಲ್ಲಿರಲಿ.

ಇನ್ನು ವಿಮೆ. ತುಕ್ಕನ್ನು ಸವಕಳಿ ಎಂದೇ ಪರಿಗಣಿಸುವುದರಿಂದ ಅದಕ್ಕೆ ಕ್ಲೇಮ್ ಸಿಗುವುದಿಲ್ಲ. ಪ್ರವಾಹದ ಹಾನಿಗೆ ಸಿಗುತ್ತದೆ, ಅದೂ ಪೂರ್ಣ ವಿಮೆ ಇದ್ದರೆ ಮಾತ್ರ. ಹಳೆ ಕಾರಿಗೆ ಯಾಕೆ ಎಂದು ಬರಿ ಥರ್ಡ್ ಪಾರ್ಟಿ ಮಾಡಿಸಿದವರಿಗೆ ನೀರು ನುಗ್ಗಿದ ದಿನ ಏನೂ ದಕ್ಕದು. ನೀರು ಹೊಕ್ಕಾಗ ಕಾರ್ಪೆಟ್ ಎತ್ತುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ, ಸರ್ವೇಯರ್ ನೋಡಿಹೋದ ಮೇಲೆ ಸೀಟು, ಫೆಲ್ಟ್ ಎಲ್ಲ ಹೊರತೆಗೆದು ಎರಡು-ಮೂರು ದಿನ ಬಿಸಿಲಿಗೆ ಹಾಕಬೇಕು.