ಸಾಣೆಚಕ್ರದ ಕೆಳಗೆ ಕ್ರ್ಯಾಂಕ್‌ಶಾಫ್ಟ್

ಹೈದರಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಹುಮನಾಬಾದನ್ನು ಹಾದು ಬಸವಕಲ್ಯಾಣ ತಾಲ್ಲೂಕಿನ ಮೂಲಕ ಸಾಗುತ್ತದೆ. ಹಗಲಿರುಳೂ ಲಾರಿಗಳು ಓಡುವ ದಾರಿಯಿದು. ಬಸವಕಲ್ಯಾಣದ ಆಟೊ ನಗರ ಲಾರಿ ದುರಸ್ತಿಗೆ ಹೆಸರಾಗಿದೆ. ಹಳೆಯ ಇಂಜಿನ್ನನ್ನು ಬಿಚ್ಚಿದಾಗ ಮೆಕ್ಯಾನಿಕ್ ಬೆರಳಾಡಿಸಿ ನೋಡುವ ಭಾಗಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುಖ್ಯವಾದದ್ದು. ಬೇರಿಂಗಿನೊಳಗೆ ತಿರುಗುವ ಅದರ ದುಂಡನೆಯ ಭಾಗಗಳಿಗೆ ಜರ್ನಲ್ ಎಂದು ಹೆಸರು. ಅವು ಸವೆದಿದ್ದರೆ ಸಾಣೆ ಹಿಡಿದು ವ್ಯಾಸವನ್ನು 0.25 ಅಥವಾ 0.50 ಮಿ.ಮೀ. ಇಳಿಸಿ, ಅದಕ್ಕೆ ಹೊಂದುವ ದಪ್ಪನೆಯ ಬೇರಿಂಗ್ ಕೂಡಿಸುತ್ತಾರೆ.

ಅಳತೆ ಸರಿ ಬಂದರೆ ಸಾಲದು. ಹೊರೆ ಹೆಚ್ಚಿದಾಗ ಜರ್ನಲ್ ಮತ್ತು ಬೇರಿಂಗ್ ನಡುವೆ ಉಳಿಯುವ ಎಣ್ಣೆಯ ಪದರ ಕೆಲವೇ ಮೈಕ್ರೋಮೀಟರ್ ದಪ್ಪದ್ದು. ಮೇಲ್ಮೈಯ ಉಬ್ಬುಗಳು ಇದನ್ನು ಸೀಳಿ ಹೊರಬಂದರೆ ಲೋಹಕ್ಕೆ ಲೋಹ ತಾಗುತ್ತದೆ. ಆದ್ದರಿಂದ ಜರ್ನಲಿನ ಸರಾಸರಿ ಒರಟುತನವನ್ನು ಸಾಮಾನ್ಯವಾಗಿ 0.2ರಿಂದ 0.4 ಮೈಕ್ರೋಮೀಟರ್ ಆಸುಪಾಸಿನಲ್ಲಿ ಇಡುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್!

ಸಾಣೆಚಕ್ರದಲ್ಲಿರುವ ಅಲ್ಯುಮಿನಿಯಂ ಆಕ್ಸೈಡಿನ ಹರಳುಗಳಿಗೆ ಲೇತ್ ಉಳಿಯಂತಹ ಹರಿತವಾದ ಒಂದೇ ಅಂಚಿಲ್ಲ. ಪ್ರತಿ ಹರಳೂ ಮೊದಲು ಉಜ್ಜುತ್ತದೆ, ಆಮೇಲೆ ಉಳುತ್ತದೆ, ಕೊನೆಗಷ್ಟೇ ಕತ್ತರಿಸುತ್ತದೆ. ಹೀಗಾಗಿ ಅಷ್ಟೇ ಲೋಹವನ್ನು ತೆಗೆಯಲು ಲೇತ್‌ಗಿಂತ ಹಲವು ಪಟ್ಟು ಶಕ್ತಿ ಬೇಕು. ಅದರ ಬಹುಪಾಲು ಶಾಖವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 600 ಮಿ.ಮೀ. ವ್ಯಾಸದ ಚಕ್ರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 31.4 ಮೀಟರ್. ಚಕ್ರ ಸವೆದು 450 ಮಿ.ಮೀ. ಆದಾಗ, ಸುತ್ತು ಅಷ್ಟೇ ಇದ್ದರೂ, ವೇಗ 23.6 ಮೀಟರಿಗೆ ಇಳಿಯುತ್ತದೆ. ಆಗ ಪ್ರತಿ ಹರಳಿನ ಪಾಲಿಗೆ ಬರುವ ಚೂರು ದಪ್ಪವಾಗುತ್ತದೆ, ಗೀರು ಆಳವಾಗುತ್ತದೆ. ಯಂತ್ರದ ಯಾವ ಹಿಡಿಯನ್ನೂ ಮುಟ್ಟದಿದ್ದರೂ ನುಣುಪು ಕೆಡುವುದು ಹೀಗೆ. ಹಾಗೆಂದು ಚಕ್ರದ ಮೇಲೆ ಬರೆದ ಗರಿಷ್ಠ ವೇಗವನ್ನು ಮೀರಬಾರದು, ಚಕ್ರ ಸಿಡಿದೀತು.

ಜರ್ನಲನ್ನು ನಿಧಾನವಾಗಿ ತಿರುಗಿಸಿದರೆ ಮೇಲ್ಮೈ ನುಣುಪಾಗುತ್ತದೆ, ನಿಜ. ಆದರೆ ಶಾಖ ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊದಲ ಸುತ್ತುಗಳಲ್ಲಿ 0.02 ಮಿ.ಮೀ.ನಷ್ಟು, ಕೊನೆಯಲ್ಲಿ 0.005 ಮಿ.ಮೀ.ನಷ್ಟು ಮಾತ್ರ ಆಳ ಕೊಟ್ಟು, ನಂತರ ಚಕ್ರವನ್ನು ಮುಂದೂಡದೆ ಕಿಡಿ ನಿಲ್ಲುವವರೆಗೆ ತಿರುಗಲು ಬಿಡುವುದು ಒಳ್ಳೆಯ ರೂಢಿ. ಬಾಗಿದ್ದ ಶಾಫ್ಟ್ ಆಗ ಮರಳಿ ನೆಟ್ಟಗಾಗುತ್ತದೆ.

ನನ್ನ ಮಟ್ಟಿಗೆ, ಇಲ್ಲಿ ಮೋಸಗಾರ ಗುಣವೆಂದರೆ ಹೊಳಪು. ವಜ್ರದ ಮೊನೆಯಿಂದ ಚಕ್ರವನ್ನು ಹದಗೊಳಿಸದೆ ಬಿಟ್ಟರೆ ಹರಳುಗಳು ಮೊಂಡಾಗುತ್ತವೆ. ಮೊಂಡು ಚಕ್ರ ಕತ್ತರಿಸುವುದಿಲ್ಲ, ತಿಕ್ಕುತ್ತದೆ. ಜರ್ನಲ್ ಕನ್ನಡಿಯಂತೆ ಮಿನುಗುತ್ತದೆ, ಗಿರಾಕಿ ಮೆಚ್ಚುತ್ತಾನೆ. ಒಳಗೆ ಮಾತ್ರ ಗಟ್ಟಿ ಪದರ ಕಾದು ಮೆದುವಾಗಿರಬಹುದು. ಶಾಖ ಸುಮಾರು 720 ಡಿಗ್ರಿ ಸೆಲ್ಸಿಯಸ್ ದಾಟಿ ಥಟ್ಟನೆ ತಣಿದರೆ, ಗಾಜಿನಂತೆ ಪೆಡಸಾದ ಹೊಸ ಪದರ ಹುಟ್ಟಿ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ. ಅಂತಹ ಶಾಫ್ಟ್ ಮುರಿಯುವುದು ಗ್ಯಾರೇಜಿನಲ್ಲಲ್ಲ, ಹೊರೆ ಹೊತ್ತ ದಾರಿಯಲ್ಲಿ. ಸಾಲ ಮಾಡಿ ಕೊಂಡ ಒಂದೇ ಲಾರಿಯನ್ನು ತಾನೇ ಓಡಿಸುವವನಿಗೆ ಅದು ತಿಂಗಳುಗಟ್ಟಲೆಯ ದುಡಿಮೆ.

ಸುಟ್ಟದ್ದನ್ನು ಪತ್ತೆಹಚ್ಚಲು ಕಾರ್ಖಾನೆಗಳಲ್ಲಿ ಆಲ್ಕೋಹಾಲಿನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಮ್ಲವನ್ನು ಮೇಲ್ಮೈಗೆ ಸವರುತ್ತಾರೆ. ಮೆದುವಾದ ಜಾಗ ಕಪ್ಪಾಗಿಯೂ, ಮತ್ತೆ ಪೆಡಸಾದ ಜಾಗ ಬೆಳ್ಳಗೂ ಕಾಣುತ್ತದೆ. ತಯಾರಿಸುವಾಗ ಎಚ್ಚರ ಬೇಕಾದ ದ್ರಾವಣವಿದು, ಶಾಲೆಯಲ್ಲಿ ಪ್ರಯತ್ನಿಸುವಂಥದ್ದಲ್ಲ. ತರಗತಿಗೆ ಬೇಕಾದರೆ ಒಂದು ಹಳೆಯ ಜರ್ನಲ್ ತುಂಡನ್ನು ಭೂತಗನ್ನಡಿಯ ಕೆಳಗಿಟ್ಟು ಗೀರುಗಳ ದಿಕ್ಕನ್ನು ನೋಡಬಹುದು.