ನಿಮಗಿದು ಗೊತ್ತೇ? ಗರಸು ದಾರಿಗೂ ವಿಶ್ವ ಚಾಂಪಿಯನ್ ಇದ್ದಾನೆ!

ಡಾಂಬರು ಕಾಣದ ರಸ್ತೆ ಎಂದರೆ ಮೂಗು ಮುರಿಯುತ್ತೀರಿ ತಾನೇ? ಅಂಥ ರಸ್ತೆಯನ್ನೇ ಹುಡುಕಿಕೊಂಡು ಜನ ವಿಮಾನ ಹತ್ತುತ್ತಾರೆ! ಸೈಕಲ್ಲು ಬಿಚ್ಚಿ ಪೆಟ್ಟಿಗೆಗೆ ತುಂಬಿ, ಕೈಯಿಂದ ದುಡ್ಡು ಕೊಟ್ಟು, ಗರಸಿನ ಮೇಲೆ ದಿನವಿಡೀ ತುಳಿದು, ಧೂಳು ಕುಡಿದು ಖುಷಿಯಿಂದ ವಾಪಸಾಗುತ್ತಾರೆ. ಈ ಹುಚ್ಚಿಗೆ ಗ್ರ್ಯಾವೆಲ್ ಬೈಕಿಂಗ್ ಎನ್ನುತ್ತಾರೆ. ಅಂಥ ದಾರಿಗಳು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ತೆಲಸಂಗದಿಂದ ನಿಪ್ಪಾಣಿಯವರೆಗೆ ಪುಕ್ಕಟೆ ಬಿದ್ದಿವೆ. ಬನ್ನಿ, ಒಂದು ಸುತ್ತು ಹಾಕೋಣ!

ಮೊದಲು ಸೈಕಲ್ಲು ನೋಡಿ. ಹ್ಯಾಂಡಲ್ಲು ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ದಪ್ಪ, ಸುಮಾರು 40 ಮಿಲಿಮೀಟರ್. ಗಾಳಿ ಕಡಿಮೆ ತುಂಬಿದಷ್ಟೂ ಖಡಿಯ ಮೇಲೆ ಹಿಡಿತ ಹೆಚ್ಚು. ಪಂಪು ಹೊಡೆಯುವ ಶ್ರಮವೂ ಉಳಿಯಿತು!

ಇದಕ್ಕೊಂದು ವಿಶ್ವ ಚಾಂಪಿಯನ್‌ಶಿಪ್ಪೂ ಇದೆ. ಮೊದಲ ಸಲ ನಡೆದದ್ದು 2022ರಲ್ಲಿ, ಇಟಲಿಯ ವೆನೆಟೊ ಸೀಮೆಯಲ್ಲಿ. ಪುರುಷರಲ್ಲಿ ಗೆದ್ದವನು ಬೆಲ್ಜಿಯಂನ ಜಿಯಾನಿ ವರ್ಮೀರ್ಶ್. ಗರಸು ತುಳಿದು ವಿಶ್ವ ಚಾಂಪಿಯನ್!

ಆದರೆ ಈ ಆಟದ ದೊಡ್ಡ ಜಾತ್ರೆ ನಡೆಯುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ. 2006ರಲ್ಲಿ ಶುರುವಾದಾಗ ಬಂದವರು ಬರೀ 34 ಜನ. ಈಗ ಸಾವಿರಾರು! ಮುಖ್ಯ ಸ್ಪರ್ಧೆಯ ದೂರ 200 ಮೈಲಿ, ಅಂದರೆ 320 ಕಿಲೋಮೀಟರ್. ಅದೂ ಒಂದೇ ದಿನದಲ್ಲಿ!

ಈಗ ಮಜಾ ಕೇಳಿ. ಕಾನ್ಸಾಸಿನ ಹೊಲಗಳಲ್ಲಿ ಏನು ಬೆಳೆಯುತ್ತಾರೆ ಗೊತ್ತೇ? ಜೋಳ! ನಾವು ರೊಟ್ಟಿ ತಟ್ಟುತ್ತೇವಲ್ಲ, ಅದೇ ಜಾತಿಯದು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯವೇ ಕಾನ್ಸಾಸ್. ಅದರ ರಾಜ್ಯಪುಷ್ಪ ಸೂರ್ಯಕಾಂತಿ. ಜೋಳದ ಹೊಲ, ಸೂರ್ಯಕಾಂತಿ, ದಿನ್ನೆ ಏರಿ ತಗ್ಗಿಗಿಳಿಯುವ ದಾರಿ... ಅಥಣಿ ತಾಲ್ಲೂಕಿನವರಿಗೆ ಇದನ್ನೆಲ್ಲ ವರ್ಣಿಸಿ ಹೇಳಬೇಕೇ? ಅಲ್ಲಿಯವರು ರೊಟ್ಟಿ ತಟ್ಟುವುದಿಲ್ಲ, ಅಷ್ಟೇ. ಬಹುಪಾಲು ಜೋಳ ದನ-ಕೋಳಿಗಳ ಮೇವಿಗೆ, ಇಥನಾಲಿಗೆ ಹೋಗುತ್ತದೆ. ಪಾಪ!

2023ರ ಎಂಪೋರಿಯಾ ಸ್ಪರ್ಧೆಯಲ್ಲಿ ಮಳೆ ಬಿತ್ತು. ಮಣ್ಣು ಚಕ್ರಕ್ಕೆ ಮೆತ್ತಿ, ಚಕ್ರವೇ ತಿರುಗದಾಯಿತು. ದೇಶದೇಶಗಳಿಂದ ಬಂದ ಘಟಾನುಘಟಿಗಳು ಸೈಕಲ್ಲನ್ನು ಹೆಗಲಿಗೇರಿಸಿ ನಡೆದರು! ಮಣ್ಣು ಕೆರೆಯಲು ಅಲ್ಲಿಯ ಪಳಗಿದ ಸವಾರರು ಏನು ಒಯ್ಯುತ್ತಾರೆ ಗೊತ್ತೇ? ಬಣ್ಣದ ಡಬ್ಬಿಯಲ್ಲಿ ಬಣ್ಣ ಕಲಸುವ ಕಟ್ಟಿಗೆ ಪಟ್ಟಿ! ಲಕ್ಷಗಟ್ಟಲೆ ಬೆಲೆಯ ಸೈಕಲ್ಲು, ಅದನ್ನು ಕಾಪಾಡುವುದು ಒಂದು ಕಟ್ಟಿಗೆ ಚೂರು.

ನಮ್ಮ ಎರೆ ಮಣ್ಣೇನು ಕಡಿಮೆಯೇ? ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಹೊಲದ ತುಂಬ ಕೈ ತೂರುವಷ್ಟು ಬಿರುಕು. ಒಂದು ಮಳೆಯಾಗಲಿ, ಅದೇ ಹೊಲದಲ್ಲಿ ನಾಲ್ಕು ಹೆಜ್ಜೆ ಇಡಿ. ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ! ಅಂಥ ದಿನ ಎರೆ ಬಿಟ್ಟು ಮಡ್ಡಿಯ ಗರಸು ಹಿಡಿಯುವುದೇ ಜಾಣತನ. ಗರಸಿನಲ್ಲಿ ನೀರು ಇಂಗಿ ಹೋಗುತ್ತದೆ, ಚಕ್ರ ಓಡುತ್ತದೆ.

ಈ ಗರಸು, ಈ ಎರೆ ಎರಡೂ ಒಂದೇ ತಾಯಿಯ ಮಕ್ಕಳು. ತಾಯಿ ಯಾರು? ಲಾವಾ! ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕೊನೆಗಾಲದಲ್ಲಿ, ದಖ್ಖನ್ ತುಂಬ ಲಾವಾ ಪದರ ಪದರವಾಗಿ ಹರಿಯಿತು. ಆರಿ ಕಪ್ಪು ಕಲ್ಲಾಯಿತು. ಆ ಕಲ್ಲು ಅರ್ಧ ಸವೆದರೆ ಗರಸು, ಪೂರ್ತಿ ಸವೆದರೆ ಎರೆ. ನಿಮ್ಮ ಟೈರಿನಡಿ ಕಿರಕಿರ ಎನ್ನುವುದು ಡೈನೋಸಾರು ಕಾಲದ ಲಾವಾ!

ಇನ್ನೊಂದು ತಮಾಷೆ. ರಸ್ತೆ ನುಣುಪಾಗಲಿ ಎಂದು ಮೊದಲು ಹಟ ಹಿಡಿದವರು ಕಾರಿನವರಲ್ಲ, ಸೈಕಲ್ಲಿನವರು! ಅಮೆರಿಕದ ಸೈಕಲ್ ಸವಾರರು 1880ರಲ್ಲೇ ಸಂಘ ಕಟ್ಟಿದರು, ಒಳ್ಳೆಯ ರಸ್ತೆಗಾಗಿ ಚಳವಳಿ ಹೂಡಿದರು. ಈಗ ಅವರ ಮರಿಮಕ್ಕಳು ನುಣುಪು ರಸ್ತೆ ಬೇಡ, ಕಲ್ಲು ದಾರಿಯೇ ಬೇಕು ಎನ್ನುತ್ತಿದ್ದಾರೆ!

1888 ಎಂಬ ಇಸವಿ ನೆನಪಿಡಿ. ಆ ವರ್ಷ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅದೇ ವರ್ಷ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ತೆರೆಯಿತು. ತೆರೆದವರು ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್! ಹೌದು, ಪಂಪು-ಇಂಜಿನ್ನುಗಳ ಕಿರ್ಲೋಸ್ಕರ್ ಉದ್ಯಮದ ಬೇರು ಒಂದು ಸೈಕಲ್ ಅಂಗಡಿ. ಸೈಕಲ್ಲು ಮಾರುವುದರ ಜೊತೆಗೆ ಓಡಿಸುವುದನ್ನೂ ಕಲಿಸುತ್ತಿದ್ದರು, ಫೀಸು 15 ರೂಪಾಯಿ! ಆ ಕಾಲದ 15 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ. ಬೀಳುವುದನ್ನು ಕಲಿಯಲಿಕ್ಕೂ ಸಾಹುಕಾರನೇ ಆಗಿರಬೇಕಿತ್ತು!

ಆಮೇಲೆ ಅವರು ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಹೊಲಕ್ಕೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರಂತೆ! 1910ರಲ್ಲಿ ಕಾರ್ಖಾನೆ ಕೃಷ್ಣಾ ಕಣಿವೆಯ ಕಿರ್ಲೋಸ್ಕರವಾಡಿಗೆ ಹೋಯಿತು. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರೋಡ್ ಮಾತ್ರ ಇಂದಿಗೂ ಇದೆ.

ಇನ್ನು ಟೈರಿನ ವೈರಿಯ ಮಾತು. ನೆಗ್ಗಿಲ ಮುಳ್ಳು ಗೊತ್ತಲ್ಲ? ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ಸಾಧುವಿನಂತೆ ನೆಲಕ್ಕಂಟಿಕೊಂಡಿರುತ್ತದೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ! ಈ ಗಿಡ ಅಮೆರಿಕಕ್ಕೂ ಹೋಗಿ ಸೇರಿಕೊಂಡು ಅಲ್ಲಿಯ ಸೈಕಲ್ಲಿನವರ ಪ್ರಾಣ ಹಿಂಡುತ್ತಿದೆ. ಬೋಯ್ಸಿ ಎಂಬ ಊರಿನಲ್ಲಂತೂ ಈ ಮುಳ್ಳಿನ ಹೆಸರಿನಲ್ಲೇ ಸೈಕಲ್ ಹಬ್ಬ ಮಾಡುತ್ತಾರೆ. ಚೀಲಗಟ್ಟಲೆ ಗಿಡ ಕಿತ್ತು ತರುತ್ತಾರೆ! ಗ್ರ್ಯಾವೆಲ್ ಬೈಕಿನವರ ಉಪಾಯ ಬೇರೆ. ಟ್ಯೂಬೇ ಇಲ್ಲದ ಟೈರು, ಒಳಗೆ ಹಾಲಿನಂಥ ರಬ್ಬರ್ ದ್ರವ. ಮುಳ್ಳು ಚುಚ್ಚಿದರೆ ದ್ರವ ತೂತಿಗೆ ನುಗ್ಗಿ ತಾನೇ ಹೆಪ್ಪುಗಟ್ಟುತ್ತದೆ. ಪಂಕ್ಚರ್ ಅಂಗಡಿ ಕಾಯುವ ಕೆಲಸವಿಲ್ಲ!

ತೆಲಸಂಗದ ಕಡೆ ಬೇಸಿಗೆಯಲ್ಲಿ ಸೈಕಲ್ ಹೊಡೆದರೆ ದಾರಿ ಬದಿಯ ಉದ್ದನೆಯ ಶೆಡ್ಡುಗಳನ್ನು ನೋಡಿ. ಒಳಗೆ ಬಲೆಯ ಅಟ್ಟದ ಮೇಲೆ ಅಟ್ಟ. ಅವುಗಳ ಮೇಲೆ ಹರಡಿದ್ದು ದ್ರಾಕ್ಷಿ! ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಬರೀ ಗಾಳಿಗೆ ಬಿಡುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಹಸಿರು ಹಣ್ಣು ಸುಕ್ಕುಗಟ್ಟಿ ಮಣೂಕ ಆಗಿರುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಉಳಿದ ಮೂರು ಕಿಲೋ ಗಾಳಿಗೆ ಹೋಯಿತು!

ಜೇಬಿಗೆ ಒಂದು ಮುಷ್ಟಿ ಮಣೂಕ ಹಾಕಿಕೊಳ್ಳಿ. 2012ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಓಟಗಾರರ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವೊಮ್ಮೆ ಒಣದ್ರಾಕ್ಷಿ, ಕೆಲವೊಮ್ಮೆ ಕ್ರೀಡಾಪಟುಗಳಿಗೆಂದೇ ಮಾಡಿದ ದುಬಾರಿ ಮಿಠಾಯಿ, ಕೆಲವೊಮ್ಮೆ ಬರೀ ನೀರು ಕೊಟ್ಟು ಓಡಿಸಿದರು. ಐದು ಕಿಲೋಮೀಟರ್ ಓಟದಲ್ಲಿ ಒಣದ್ರಾಕ್ಷಿ, ಮಿಠಾಯಿ ಎರಡೂ ಸಮಸಮ! ನೀರು ಮಾತ್ರ ಕುಡಿದಾಗ ಸುಮಾರು ಒಂದು ನಿಮಿಷ ಹಿಂದೆ.

ಎಳ್ಳಮಾಸಿಯ ದಿನ ಹೊರಟರೆ ಅದೂ ಬೇಕಾಗಿಲ್ಲ. ಹೊಲಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತಿರುತ್ತಾರೆ. 'ಬರ್ರಿ, ಊಟ ಮಾಡ್ಕೊಂಡು ಹೋಗ್ರಿ' ಎನ್ನುವ ಕರೆ ಎಲ್ಲ ಕಡೆಯಿಂದ! ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ. ಆಮೇಲೆ ಪೆಡಲ್ ತುಳಿಯಲು ಕಾಲು ಏಳಬೇಕಲ್ಲ!

ಅಥಣಿಯದು ಇನ್ನೊಂದು ವಿಚಿತ್ರ. ಒಂದೇ ತಾಲ್ಲೂಕು, ಕೃಷ್ಣೆಯ ದಂಡೆಯಲ್ಲಿ ಮಹಾಪೂರ, ಪೂರ್ವದ ಹಳ್ಳಿಗಳಲ್ಲಿ ಬರ! 2005ರಲ್ಲಿ, ಮತ್ತೆ 2019ರಲ್ಲಿ ದಂಡೆಯ ಊರುಗಳು ಮುಳುಗಿದವು. ಆ ನೀರು ಬಿದ್ದದ್ದು ಇಲ್ಲಲ್ಲ, ಪಶ್ಚಿಮ ಘಟ್ಟದಲ್ಲಿ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುತ್ತದೆ ಮಳೆ. ನಮ್ಮಲ್ಲಿ ಅದರ ಎಂಟನೆಯ ಒಂದು ಪಾಲು ಬಂದರೂ ಹಬ್ಬ! ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುತ್ತಿರುತ್ತದೆ.

ಹಾಗೆ ಏರಿದಾಗ ದಾರಿಯೇ ಮಾಯ! ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಕೆಳಮಟ್ಟದ ಸೇತುವೆಗಳು ಮಳೆಗಾಲ ಬಂತೆಂದರೆ ನೀರಿನಡಿ. ಪತ್ರಿಕೆಗಳಲ್ಲಿ ಪ್ರತಿವರ್ಷ ಇದೇ ಹೆಸರುಗಳ ಪಟ್ಟಿ. ಓದಿ ಓದಿ ಬಾಯಿಪಾಠವಾಗಿದೆ!

ಸದಲಗಾ ದಾಟುವಾಗ ಒಂದು ಕ್ಷಣ ಬ್ರೇಕ್ ಹಾಕಿ. ಜೈನ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಇಲ್ಲೇ. 1968ರಲ್ಲಿ ಅಜ್ಮೇರಿನಲ್ಲಿ ಮುನಿದೀಕ್ಷೆ ಪಡೆದ ಮೇಲೆ ಅವರು ಯಾವ ವಾಹನವನ್ನೂ ಏರಲಿಲ್ಲ. ಬರಿಗಾಲಲ್ಲೇ ನಡೆದರು, 2024ರಲ್ಲಿ ಛತ್ತೀಸಗಢದಲ್ಲಿ ದೇಹ ಬಿಡುವವರೆಗೆ. ಅರ್ಧ ಶತಮಾನಕ್ಕೂ ಮಿಕ್ಕಿದ ನಡಿಗೆ! ಎಂಪೋರಿಯಾದ 320 ಕಿಲೋಮೀಟರ್ ಸ್ಪರ್ಧೆ ಇದರ ಮುಂದೆ ಯಾವ ಲೆಕ್ಕ?

ಬರಿಗಾಲಿನಿಂದ ಈಗ ಚಪ್ಪಲಿಗೆ ಬನ್ನಿ. ಕೊಲ್ಹಾಪುರಿ ಚಪ್ಪಲಿ ಬರೀ ಕೊಲ್ಹಾಪುರದ್ದಲ್ಲ! ಅದರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳಿವೆ, ಕರ್ನಾಟಕದ 4 ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿಗಳಲ್ಲಿ ಹೊಲಿಯುವ ಕೈಗಳು ತಲೆಮಾರುಗಳಿಂದ ಹೊಲಿಯುತ್ತಿವೆ. ಪೆಡಲ್ ತುಳಿಯಲು ಚಪ್ಪಲಿ ಒಗ್ಗುವುದಿಲ್ಲ ಬಿಡಿ. ಚೀಲದಲ್ಲಿ ಒಂದು ಜೋಡಿ ತನ್ನಿ.

ಕೊನೆಗೆ ಕಾಗವಾಡ ತಾಲ್ಲೂಕಿನ ಜುಗೂಳಕ್ಕೆ ಬನ್ನಿ. ಕೃಷ್ಣೆಯ ಎದುರು ದಂಡೆಯಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ದೇಗುಲ. ಸ್ವರ್ಗಮಂಟಪದಲ್ಲಿ 48 ಕಂಬ, ಚಾವಣಿಯ ನಡುವೆ ದುಂಡನೆಯ ಬಯಲು ಕಿಂಡಿ. ತಲೆ ಎತ್ತಿದರೆ ಆಕಾಶ! ಗೋಡೆಗಳಲ್ಲಿ ಹಳೆಯ ಕನ್ನಡ ಶಾಸನಗಳಿವೆ, ನೋಡದೆ ಬರಬೇಡಿ. ಅಷ್ಟೆಲ್ಲ ಇದ್ದೂ ಶಿವನೆದುರು ಒಂದೇ ಕೊರತೆ. ನಂದಿಯೇ ಇಲ್ಲ! ಆ ನಂದಿ ಇರುವುದು ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ಎನ್ನುತ್ತಾರೆ ಜನ. ದೇವರು ಮಹಾರಾಷ್ಟ್ರದಲ್ಲಿ, ವಾಹನ ಕರ್ನಾಟಕದಲ್ಲಿ! ಎರಡನ್ನೂ ಒಂದೇ ದಿನದಲ್ಲಿ ನೋಡಲು ಸೈಕಲ್ಲು ಸಾಕು. ಹೊರಡುವ ಮುಂಚೆ ಒಂದು ಫೋನ್ ಮಾಡಿ, ಕಲ್ಲೋಳದ ಸೇತುವೆ ನೀರಿನ ಮೇಲಿದೆಯೋ ಕೆಳಗಿದೆಯೋ ಕೇಳಿಕೊಳ್ಳಿ!